ಬೋರಲು ತೆಗೆದ ಚಿತ್ರ

ನಮ್ಮ ಎರಡೂ ಕಡೆಯ ಸಂಸಾರದಲ್ಲಿ ಯಾರಿಗೆ ಏನೇ ಆಗಲಿ, ಸೊಂಟ ಹಿಡಿದುಕೊಳ್ಳಲಿ, ಕೆಮ್ಮು ಬಿಡದಿರಲಿ, ತಲೆ ಸಿಡಿಯಲಿ, ಮೊದಲು ಒಂದು ಚಿತ್ರ ತೆಗೆಸಬೇಕು, ಆ ಚಿತ್ರ ನನ್ನ ಗಂಡನ ಕಣ್ಣಿಗೆ ಬೀಳಬೇಕು. ಅಲ್ಲಿಯವರೆಗೆ ನೋವಿದೆ ಎಂದು ಬಾಯಿಬಿಟ್ಟು ಹೇಳಲು ಯಾರಿಗೂ ಧೈರ್ಯವಿಲ್ಲ. ಇವರು ಹೂಂ ಎಂದರೆ ಕಾಯಿಲೆ, ಊಹೂಂ ಎಂದರೆ ಕಾಯಿಲೆಯಲ್ಲ.

ಇವರು ಸ್ಕ್ಯಾನ್ ನೋಡುವ ಡಾಕ್ಟರು. ರೋಗಿಯನ್ನು ಮುಟ್ಟುವುದಿಲ್ಲ, ಮಾತಾಡಿಸುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಮನೆಯ ಹಿಂಭಾಗದ ಕೋಣೆಯಲ್ಲಿ ಪರದೆ ಎಳೆದುಕೊಂಡು, ಎರಡು ದೊಡ್ಡ ಮಾನಿಟರುಗಳ ಮುಂದೆ ಕೂತು, ಬೇರೆ ಬೇರೆ ಆಸ್ಪತ್ರೆಗಳಿಂದ ಬರುವ ಹೊಟ್ಟೆಗಳನ್ನು ನೋಡುತ್ತಾರೆ. ಯಕೃತ್ತು, ಅದರೊಳಗೆ ಕವಲೊಡೆದ ಪಿತ್ತನಾಳಗಳು, ನಾಳಗಳೊಳಗಿನ ಕಲ್ಲು, ಇದರಲ್ಲಿ ಇವರನ್ನು ಮೀರಿಸುವವರಿಲ್ಲ ಎಂದು ಹೆಸರು. "ಇವತ್ತು ಎಷ್ಟು ಹೊಟ್ಟೆ ಆಯ್ತು?" ಎಂದು ನಾನು ಊಟಕ್ಕೆ ಕರೆಯುವಾಗ ಕೇಳುವುದು ನಮ್ಮ ಮನೆಯ ಹಳೆಯ ತಮಾಷೆ. ಒಂದು ಹೊಟ್ಟೆಗೆ ಇವರು ಕೊಡುವ ಸಮಯದಲ್ಲಿ ನನಗೆ ಒಂದು ಈರುಳ್ಳಿ ಹೆಚ್ಚಿ ಮುಗಿಸುವುದೂ ಕಷ್ಟ. ಅಷ್ಟು ಚುರುಕು.

ನಾನು ಕಾರು ಕಲಿಸುವವಳು. ಇವರಿಗೂ ನಾನೇ ಕಲಿಸಿದ್ದು, ಪರಿಚಯವಾದದ್ದೇ ಹಾಗೆ. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು, ಎರಡು ಸಲವೂ ಕನ್ನಡಿ ನೋಡದೆ ಗಾಡಿಯನ್ನು ಪಕ್ಕಕ್ಕೆ ಎಳೆದದ್ದಕ್ಕೆ. ಹಿಂದೆ ಯಾರೂ ಇರಲಿಲ್ಲವಲ್ಲ ಎಂದು ನನ್ನ ಹತ್ತಿರ ವಾದ ಮಾಡಿದರು. ನೋಡದೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಮುಗುಳ್ನಕ್ಕರು. ಆ ನಗುವಿಗೆ ಮರುಳಾಗಿ ಮದುವೆಯಾದವಳು ನಾನು, ಯಾರನ್ನು ದೂರಲಿ.

ಇವರದ್ದು ಮೆತ್ತಗಿನ ಮಾತು, ನನ್ನದು ಜೋರು ಬಾಯಿ. ಇದು ಎರಡು ಮನೆಗೂ ಗೊತ್ತು. ಕ್ಲಚ್ಚು, ಗೇರು, ಹಾರ್ನು ಎಂದು ದಿನವಿಡೀ ರಸ್ತೆಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಹಾಗಾಗಿದೆ. ಮನೆಯಲ್ಲಿ ನಾನು ಒಂದು ಹೇಳಿ ಇವರು ಒಂದು ಹೇಳಿದರೆ ನನ್ನ ಹೆತ್ತ ತಾಯಿಯೂ ಇವರ ಪಕ್ಷ. ಅಳಿಯ ದೇವರಂಥವನು, ಇವಳೇ ಬಜಾರಿ, ಎಂದು ಅಮ್ಮ ಪಕ್ಕದ ಮನೆಯವರ ಹತ್ತಿರವೂ ಹೇಳಿಕೊಂಡು ಬರುತ್ತಾಳೆ.

ನನ್ನ ತಂಗಿ ಹಾಗಲ್ಲ. ಅವಳು ನಿಂತ ಕಡೆ ಅವಳು ಇದ್ದಾಳೆ ಎಂದೂ ಗೊತ್ತಾಗುವುದಿಲ್ಲ. ಅವಳ ಗಂಡನದ್ದು ಫೋಟೋಗೆ ಚೌಕಟ್ಟು ಹಾಕುವ ಅಂಗಡಿ. ನಾನು ಅವನನ್ನು ಫ್ರೇಮಿನವನು ಎಂದೇ ಕರೆಯುವುದು, ಅವನ ಎದುರಿಗೂ. ಮುಂದಿನ ಕೌಂಟರಿನಲ್ಲಿ ನಿಂತು ಗಿರಾಕಿಗಳ ಹತ್ತಿರ ಹರಟೆ ಹೊಡೆಯುವುದು ಅವನ ಪಾಲು. ಹಿಂದೆ, ಕಂಬಳಿ ಹಾಸಿದ ಮೇಜಿನ ಮೇಲೆ ಗಾಜು ಕತ್ತರಿಸುವುದು ತಂಗಿಯ ಪಾಲು. ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಗೀರು ಹಾಕಿ, ಮೇಜಿನಂಚಿಗೆ ತಂದು ಮೆಲ್ಲಗೆ ಒತ್ತಿದಳೆಂದರೆ ಗಾಜು ಹೇಳಿದ ಮಾತು ಕೇಳಿದ ಹಾಗೆ ಎರಡಾಗುತ್ತಿತ್ತು.

ಅವಳಿಗೆ ಎದೆಗೂಡಿನ ಕೆಳಗೆ, ನಟ್ಟನಡುವೆ, ನೋವು ಶುರುವಾಯಿತು. ಬಂದರೆ ಬಗ್ಗಿಸಿಬಿಡುವ ನೋವು. ಜೊತೆಗೆ ಹಲ್ಲು ಕಟಕಟ ಎನ್ನುವ ಚಳಿ, ಜ್ವರ. ಮಾರನೆಯ ದಿನಕ್ಕೆ ಏನೂ ಆಗಿಲ್ಲವೆಂಬಂತೆ ಎದ್ದು ಅಂಗಡಿಗೆ ಹೋಗುತ್ತಿದ್ದಳು. ಅದೇ ಅವಳಿಗೆ ಮುಳುವಾಯಿತು. ಹಾಸಿಗೆ ಹಿಡಿದು ಮಲಗಿದ್ದರೆ ನಂಬುತ್ತಿದ್ದರೇನೋ. ದೊಡ್ಡ ಆರ್ಡರು ಬಂದಾಗ ಮಾತ್ರ ಇವಳಿಗೆ ನೋವು ಬರುತ್ತದೆ ಎಂದು ಫ್ರೇಮಿನವನು ಒಂದು ಸಿದ್ಧಾಂತ ಕಟ್ಟಿದ್ದ. ಅವಳನ್ನು ನಾಟಕದ ಕಂಪನಿ ಎನ್ನುತ್ತಿದ್ದ. ಕೆಟ್ಟ ಮನುಷ್ಯನೆಂದಲ್ಲ. ತನಗೆ ಕಾಣದ್ದು ಇಲ್ಲವೆಂದೇ ತಿಳಿಯುವ ಜಾತಿ.

ಹಿಂದೊಮ್ಮೆ ಅವಳಿಗೆ ಪಿತ್ತನಾಳವನ್ನು ಕರುಳಿಗೆ ಜೋಡಿಸುವ ಆಪರೇಷನ್ ಆಗಿತ್ತು. ಅದನ್ನು ನೆನಪಿಟ್ಟುಕೊಂಡು ಹೊಟ್ಟೆಯ ಡಾಕ್ಟರು ಎಂಆರ್‌ಐ ಮಾಡಿಸಲು ಹೇಳಿದರು. ಯಕೃತ್ತಿನೊಳಗಿನ ಸಣ್ಣ ನಾಳಗಳಲ್ಲಿ ಕಲ್ಲು ಕೂತಿರಬಹುದು, ಅದಕ್ಕೆ ಈ ಯಂತ್ರವೇ ಸರಿ, ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಸುಮ್ಮನೆ ಮಲಗಿದರೆ ಪಿತ್ತದ ಮರವೇ ಕಾಣುತ್ತದೆ ಎಂದರು. ಫ್ರೇಮಿನವನಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ನಾನು ಆವತ್ತಿನ ಪಾಠಗಳನ್ನು ರದ್ದು ಮಾಡಿ ಅವಳ ಜೊತೆ ಹೋದೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ಕೋಣೆ. ಯಂತ್ರ ನಡೆಸುವವಳು ಒಬ್ಬ ದಪ್ಪನೆಯ ಹೆಂಗಸು, ನಗುಮುಖದವಳು. ತಂಗಿಗೆ ಒಂದು ದೊಡ್ಡ ಲೋಟದ ತುಂಬ ಅನಾನಸ್ ರಸ ಕುಡಿಸಿದಳು. ಹೊಟ್ಟೆಯಲ್ಲಿರುವ ನೀರು ಚಿತ್ರದಲ್ಲಿ ಬೆಳ್ಳಗೆ ಹೊಳೆದು ಪಿತ್ತನಾಳವನ್ನು ಮರೆಮಾಡುತ್ತದಂತೆ, ಈ ರಸ ಕುಡಿದರೆ ಅದು ಕಪ್ಪಾಗುತ್ತದಂತೆ. ಇಷ್ಟು ದೊಡ್ಡ ಯಂತ್ರಕ್ಕೆ ಹಣ್ಣಿನ ರಸದ ಲಂಚವೇ ಎಂದು ನಾನು ಹೇಳಿದಾಗ ತಂಗಿ ನಕ್ಕಳು. ಆಮೇಲೆ ಸರ, ಓಲೆ, ಹೇರ್‌ಪಿನ್ನು, ಎಲ್ಲ ಬಿಚ್ಚಿ ನನ್ನ ಚೀಲಕ್ಕೆ ಹಾಕಿದೆವು. ನಾನೂ ಒಡವೆಯೆಲ್ಲ ಬಿಚ್ಚಿಟ್ಟು, ಯಂತ್ರದ ಗದ್ದಲಕ್ಕೆಂದು ಕಿವಿಗೆ ಬೆಣೆ ತುರುಕಿಕೊಂಡು ಒಳಗೆ ಹೋದೆ.

ಅಂಗಾತ ಮಲಗಿಸಿ ಒಳಗೆ ತಳ್ಳಿದ ಕೂಡಲೇ ತಂಗಿ, ತಡೆಯಲಾಗದಿದ್ದರೆ ಒತ್ತಿ ಎಂದು ಕೈಗೆ ಕೊಟ್ಟಿದ್ದ ರಬ್ಬರಿನ ಉಂಡೆಯನ್ನು ಒತ್ತಿಬಿಟ್ಟಳು. ಹೊರಗೆಳೆದರೆ ಮುಖ ಬಿಳಿಚಿಕೊಂಡಿದೆ, ಬೆವರು ಸುರಿಯುತ್ತಿದೆ. ಮೂಗಿನ ತುದಿಗೇ ಚಾವಣಿ ಬಂದಂತಾಯಿತಂತೆ. ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆ ಆಡುವಾಗಲೂ ಅವಳು ಬೀರುವಿನೊಳಗೆ ಅಡಗುತ್ತಿರಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದರೂ ಅದೇ ಕಥೆ. ಆಗ ಆ ಹೆಂಗಸು ಬೈಯಲಿಲ್ಲ, ಗೊಣಗಲಿಲ್ಲ. ಬೋರಲು ಮಲಗಿ, ಹಣೆಗೆ ಮಡಿಸಿದ ಟವೆಲ್ ಕೊಡುತ್ತೇನೆ, ಚಾವಣಿ ಕಾಣುವುದೇ ಇಲ್ಲ, ಎಷ್ಟೋ ಜನ ಹಾಗೇ ಮಾಡಿಸಿಕೊಳ್ಳುತ್ತಾರೆ ಎಂದಳು. ತಂಗಿ ಹೊಟ್ಟೆ ಅಡಿ ಮಾಡಿ ಮಲಗಿದಳು. ನಾನು ಅವಳ ಪಾದ ಹಿಡಿದುಕೊಂಡು ನಿಂತೆ. ಉಸಿರು ತಗೊಳ್ಳಿ, ಬಿಡಿ, ಹಿಡಿದುಕೊಳ್ಳಿ ಎಂದು ಗೋಡೆಯಾಚೆಯಿಂದ ಹೇಳಿದಾಗಲೆಲ್ಲ ಅವಳು ಗಾಜು ಕೊಯ್ಯುವವಳ ಹಾಗೆ ಉಸಿರು ಹಿಡಿದಳು. ಇಷ್ಟು ಅಲುಗಾಡದೆ ಮಲಗುವವರು ಅಪರೂಪ, ಚಿತ್ರ ಕನ್ನಡಿಯ ಹಾಗೆ ಬಂದಿದೆ ಎಂದು ಆ ಹೆಂಗಸು ಹೊಗಳಿದಳು.

ಚಿತ್ರ ನಮಗಿಂತ ಮೊದಲೇ ನಮ್ಮ ಮನೆ ತಲುಪಿತ್ತು. ಸಂಜೆ ನಾನು ಬರುವಷ್ಟರಲ್ಲಿ ಇವರು ನೋಡಿ ಮುಗಿಸಿ, ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಿದ್ದರು. ಏನೂ ಇಲ್ಲ, ಬರೀ ಗಾಳಿ ಎಂದರು. ಕರುಳಿಗೆ ಜೋಡಿಸಿದ ನಾಳಕ್ಕೆ ಕರುಳಿನ ಗಾಳಿ ನುಗ್ಗುವುದು ಸಹಜವಂತೆ. ಚಿತ್ರದಲ್ಲಿ ಪಿತ್ತ ಬೆಳ್ಳಗೆ ಕಾಣುತ್ತದೆ. ಅದರೊಳಗೆ ಗಾಳಿಯಿದ್ದರೂ ಕಪ್ಪು ಚುಕ್ಕಿ, ಕಲ್ಲಿದ್ದರೂ ಕಪ್ಪು ಚುಕ್ಕಿ. ಹಾಗಾದರೆ ಯಾವುದು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಇವರಿಗೆ ಪಾಠ ಮಾಡುವುದೆಂದರೆ ಇಷ್ಟ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅಡ್ಡ ಹಿಡಿದು ತೋರಿಸಿದರು. ಮಲಗಿದ ಮನುಷ್ಯನ ನಾಳವೂ ಹೀಗೇ, ಗಾಳಿ ಮೇಲಕ್ಕೆ ತೇಲಿ ಹೊಟ್ಟೆಯ ಕಡೆ ನಿಲ್ಲುತ್ತದೆ, ಕಲ್ಲು ಕೆಳಕ್ಕಿಳಿದು ಬೆನ್ನಿನ ಕಡೆ ಕೂರುತ್ತದೆ. ನಿನ್ನ ತಂಗಿಯದ್ದೆಲ್ಲ ಹೊಟ್ಟೆಯ ಕಡೆಗೇ ಇದೆ, ಎಂದರು. ಬಾಟಲಿಯೊಳಗಿನ ಗಾಳಿಯ ಗುಳ್ಳೆ ಮೇಲುಗಡೆ ಓಡಾಡುತ್ತಿತ್ತು. ಎಷ್ಟು ಸರಳವಾಗಿ ಹೇಳಿದರಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

ಫ್ರೇಮಿನವನಿಗೆ ಇವರೇ ಫೋನು ಮಾಡಿದರು. ಅವನು ಆ ಕಡೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನನಗೂ ಕೇಳಿಸಿತು. ಅವತ್ತಿನಿಂದ ತಂಗಿಗೆ ಅವನಿಟ್ಟ ಹೆಸರು ಗಾಳಿಯಮ್ಮ. ಗಿರಾಕಿಗಳೆದುರೂ ಕರೆಯುತ್ತಿದ್ದ. ಗಾಳಿಯಮ್ಮಾ, ಆ ದೊಡ್ಡ ಗಾಜು ಆಯ್ತಾ? ತಂಗಿಯೂ ನಗುತ್ತಿದ್ದಳು, ನಗದಿದ್ದರೆ ಅದೂ ನಾಟಕವೆನ್ನಿಸಿಕೊಳ್ಳುತ್ತಿತ್ತು.

ಆಮೇಲೆ ಏನು ಹೇಳಲಿ. ನೋವು ಬರುತ್ತಲೇ ಇತ್ತು, ಚಳಿಜ್ವರ ಬರುತ್ತಲೇ ಇತ್ತು, ಹೊಟ್ಟೆಯ ಡಾಕ್ಟರು ಗ್ಯಾಸಿನ ಮಾತ್ರೆ ಬದಲಾಯಿಸುತ್ತಲೇ ಇದ್ದರು. ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದ ಮೇಲೆ ಅವರಾದರೂ ಏನು ಮಾಡುತ್ತಾರೆ. ನಾನು ಇವರ ಹಿಂದೆ ಬಿದ್ದು ಇನ್ನೊಮ್ಮೆ ನೋಡಿ ಎಂದು ಪ್ರಾಣ ತಿಂದೆ. ಇವರು ಬೇಸರಪಟ್ಟುಕೊಳ್ಳದೆ ಇನ್ನೊಮ್ಮೆ ನೋಡಿದರು. ಅದೇ ಚಿತ್ರ, ಅದೇ ಕಣ್ಣು, ಅದೇ ಉತ್ತರ. ಮನಸ್ಸಿನ ಡಾಕ್ಟರಿಗೂ ಒಂದು ಸಲ ತೋರಿಸಲಿ, ತಪ್ಪೇನಿಲ್ಲ ಎಂದು ಮೆತ್ತಗೆ ಹೇಳಿದರು. ತಂಗಿ ಅಲ್ಲಿಗೂ ಹೋದಳು. ಅಲ್ಲಿಯ ಮಾತ್ರೆ ನುಂಗಿ ಮಧ್ಯಾಹ್ನವೇ ತೂಕಡಿಸತೊಡಗಿದಳು. ಎಂದೂ ಇಲ್ಲದವಳು ಗಾಜು ಒಡೆಯತೊಡಗಿದಳು.

ಒಂದು ದಿನ ಅಂಗಡಿಯ ಹಿಂದುಗಡೆ, ಆ ಕಂಬಳಿಯ ಮೇಜಿನ ಪಕ್ಕ, ಇಬ್ಬರೇ ಇದ್ದಾಗ ಅವಳು ಕೇಳಿದ್ದು ಈಗಲೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿದೆ.

"ಅಕ್ಕಾ, ನೋವು ಇಲ್ದೇನೂ ನೋವಾಗುತ್ತಾ?"

ನಾನು ಬೈದೆ. ನಿನಗೆ ನೋವಾದರೆ ಅದು ನೋವೇ, ಇನ್ನೊಬ್ಬರನ್ನು ಕೇಳುವುದೇನಿದೆ ಎಂದು ರೇಗಿದೆ. ಅವಳು ತಲೆಯಾಡಿಸಿದಳು. ಆದರೆ ತನಗೆ ಸತ್ಯ ಗೊತ್ತಾದರೆ ಸಾಕು, ವಾಸಿಯಾಗದಿದ್ದರೂ ಚಿಂತೆಯಿಲ್ಲ ಎಂದಳು. ತಾನು ಸುಳ್ಳಿಯೋ ಅಲ್ಲವೋ ಎನ್ನುವುದು ಇತ್ತೀಚೆಗೆ ತನಗೇ ಗೊತ್ತಾಗುತ್ತಿಲ್ಲವಂತೆ. ನೋವು ಬಂದಾಗ, ಇದನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆಯೇ ಎಂದು ಒಳಗೊಳಗೇ ಪರೀಕ್ಷೆ ಮಾಡುತ್ತಾಳಂತೆ. ಒಬ್ಬರಾದರೂ, ಹೌದು ಕಣೇ, ನಿನಗೆ ಇದ್ದದ್ದು ನಿಜ ಎಂದರೆ ಸಾಕಂತೆ.

ಮುಂದಿನ ಬೇಸಿಗೆಯಲ್ಲಿ ಅವಳು ಅದೇ ಮೇಜಿನ ಮೇಲೆ ಕುಸಿದಳು. ಕೈಯಲ್ಲಿದ್ದ ಗಾಜು ಚೂರಾಗಿ ಮೊಣಕೈ ಸೀಳಿತ್ತು. ಗಾಯಕ್ಕೆ ಹೊಲಿಗೆ ಹಾಕಲು ಕರೆದುಕೊಂಡು ಹೋದರೆ ಅಲ್ಲಿಯ ನರ್ಸು ಗಾಯ ನೋಡುವುದು ಬಿಟ್ಟು ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಕಣ್ಣು ಅರಿಶಿನದ ಹಾಗೆ ಹಳದಿ. ಜ್ವರ ಸುಡುತ್ತಿತ್ತು. 

ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಮತ್ತೆ ಎಂಆರ್‌ಐ ಆಯಿತು. ಈ ಸಲ ತಂಗಿಗೆ ಹೆದರುವ ಶಕ್ತಿಯೂ ಇರಲಿಲ್ಲ, ಅಂಗಾತ ಮಲಗಿಸಿದರು, ಮಲಗಿದಳು. ಶಸ್ತ್ರಚಿಕಿತ್ಸಕಿ, ಬೆಳ್ಳಿಗೂದಲಿನ ಹೆಂಗಸು, ನನ್ನನ್ನು ವಾರ್ಡಿನ ಹೊರಗೆ ಕರೆದು ಹೇಳಿದರು. ಯಕೃತ್ತಿನ ಎಡಭಾಗದ ನಾಳಗಳ ತುಂಬ ಕಲ್ಲು. ಅದರ ಹಿಂದೆ ಕೀವು. ಎಡಭಾಗ ಒಣಗಿ ಮುದುಡಿದೆ, ತೆಗೆಯಲೇಬೇಕು. ಬುಡದಲ್ಲಿ ಇನ್ನೇನೋ ಒಂದು ನೆರಳಿದೆ, ಕಲ್ಲು ಬಹಳ ಕಾಲ ಕೂತ ಜಾಗದಲ್ಲಿ ಕೆಟ್ಟ ಗೆಡ್ಡೆ ಬೆಳೆಯುವುದುಂಟು, ತೆರೆದು ನೋಡದೆ ಹೇಳಲಾಗದು. ಹೋದ ವರ್ಷವೇ ಬಂದಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ಎಲ್ಲಿದ್ದೆವು? ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇದ್ದೆವು, ಎರಡು ಮಾನಿಟರಿನ ಮುಂದೆ.

ಆದರೆ ಆಗ ನನಗೆ ಅದು ಗೊತ್ತಿರಲಿಲ್ಲ. ಹೋದ ವರ್ಷ ಗಾಳಿಯಿತ್ತು, ಆಮೇಲೆ ಕಲ್ಲಾಯಿತು, ಗ್ರಹಚಾರ ಎಂದೇ ತಿಳಿದಿದ್ದೆ. ಮನೆಗೆ ಬಂದಾಗ ಇವರು ಕೋಣೆಯಲ್ಲಿದ್ದರು. ಹಳೆಯ ಚಿತ್ರ ಒಂದು ಮಾನಿಟರಿನಲ್ಲಿ, ಹೊಸದು ಇನ್ನೊಂದರಲ್ಲಿ. ಎರಡರಲ್ಲೂ ಹೊಟ್ಟೆ ಮೇಲೆ, ಬೆನ್ನು ಕೆಳಗೆ. ಹೇಗೆ ಮಲಗಿಸಿ ತೆಗೆದರೂ ಇವರ ಕಂಪ್ಯೂಟರು ಎಲ್ಲ ಚಿತ್ರಗಳನ್ನೂ ಹೀಗೇ ತಿರುಗಿಸಿ ಇಡುತ್ತದೆ, ಓದುವವರಿಗೆ ಅನುಕೂಲವಾಗಲಿ ಎಂದು. ಹಳೆಯದರಲ್ಲಿ ಕಪ್ಪು ಚುಕ್ಕಿಗಳು ಹೊಟ್ಟೆಯ ಕಡೆ ಸಾಲಾಗಿದ್ದವು, ಹೊಸದರಲ್ಲಿ ಬೆನ್ನಿನ ಕಡೆ ಗುಂಪಾಗಿದ್ದವು. ನೋಡು, ಆವಾಗ ಗಾಳಿ, ಈವಾಗ ಕಲ್ಲು, ಎಷ್ಟು ಬೇಗ ಕಟ್ಟಿಕೊಂಡಿದೆ ಎಂದರು. ದನಿಯಲ್ಲಿ ನಿಜವಾದ ಮರುಕವಿತ್ತು.

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಏನನ್ನೂ ಯೋಚಿಸಿ ಹೇಳಿದ್ದಲ್ಲ. ಅಳು ಒತ್ತರಿಸಿ ಬರುತ್ತಿತ್ತು, ಹಳೆಯದೆಲ್ಲ ನೆನಪಾಗುತ್ತಿತ್ತು, ಬಾಯಿಗೆ ಬಂದದ್ದು ಹೇಳಿದೆ.

"ಪಾಪ, ಆವತ್ತು ಎಷ್ಟು ಹೆದರಿದ್ಲು. ಬೋರಲು ಮಲಗಿಸಿ ತೆಗೀಬೇಕಾಯ್ತು."

ಇವರ ಕೈ ಮೌಸಿನ ಮೇಲೆ ನಿಂತಿತು. ಏನಂದೆ ಎಂದು ಕೇಳಿದರು. ನಾನು ಮತ್ತೆ ಹೇಳಿದೆ. ಹಣೆಗೆ ಟವೆಲ್ ಕೊಟ್ಟದ್ದು, ನಾನು ಪಾದ ಹಿಡಿದದ್ದು, ಎಲ್ಲ ಹೇಳಿದೆ. ಇವರು ಹಳೆಯ ಚಿತ್ರದ ಮೂಲೆಯನ್ನು ದೊಡ್ಡದು ಮಾಡಿದರು. ಅಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಬೋರಲು ಮಲಗಿಸಿದ್ದನ್ನು ಯಂತ್ರ ದಾಖಲಿಸಿತ್ತು. ಆಮೇಲೆ ಇವರು ಇಡೀ ದೇಹದ ಅಂಚನ್ನು ನೋಡಿದರು, ನಾನೂ ನೋಡಿದೆ. ಹೊಟ್ಟೆಯ ಕಡೆಯ ಚರ್ಮ ಹಲಗೆಗೆ ಒತ್ತಿದಂತೆ ಚಪ್ಪಟೆಯಾಗಿತ್ತು, ಬೆನ್ನು ಗುಂಡಗಿತ್ತು. ಇಷ್ಟು ದಿನ ಒಳಗಿನದ್ದನ್ನೆಲ್ಲ ಸೂಕ್ಷ್ಮವಾಗಿ ನೋಡಿದವರು ಹೊರಗಿನ ಈ ಗೆರೆಯನ್ನು ನೋಡಿರಲಿಲ್ಲ.

ಬೋರಲು ಮಲಗಿದವಳಿಗೆ ಹೊಟ್ಟೆಯೇ ಕೆಳಗೆ. ಕೆಳಗೆ ಕೂರುವುದು ಕಲ್ಲು. ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಬಾಟಲಿ ಹಿಡಿದು ಇವರೇ ಕಲಿಸಿದ್ದರಲ್ಲ.

ಬಾಗಿಲು ಹಾಕು ಎಂದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಹಾಕಿದೆ. ಇವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಇವರನ್ನು ನಾನು ಅಷ್ಟು ಚಿಕ್ಕದಾಗಿ ಎಂದೂ ಕಂಡಿರಲಿಲ್ಲ. ಕರುಣೆ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೆತ್ತಗಿನ ಮಾತು ಶುರುವಾಯಿತು. ಈಗ ಹೇಳಿದರೂ ಚಿಕಿತ್ಸೆ ಬದಲಾಗುವುದಿಲ್ಲ, ಆಪರೇಷನ್ ಅದೇ, ಔಷಧ ಅದೇ. ಎಲ್ಲರ ಮನಸ್ಸು ಕೆಡುತ್ತದೆ, ಅಷ್ಟೇ. ಇಷ್ಟು ವರ್ಷದ ಹೆಸರು. ಒಂದು ಹೊಟ್ಟೆ.

ಒಂದು ಹೊಟ್ಟೆ ಎಂದ ಮೇಲೆ ನನ್ನ ಬಾಯಿ ಬಿಚ್ಚಿಕೊಂಡಿತು. ಏನೇನು ಅಂದೆನೋ, ಬರೆಯುವಂಥದ್ದಲ್ಲ. ಕೊನೆಗೆ ಒಂದೇ ಕೇಳಿದೆ. ಪೇಪರಿಗೆ ಹಾಕಿಸಬೇಡಿ, ಆಸ್ಪತ್ರೆಗೆ ಹೇಳಬೇಡಿ, ಫ್ರೇಮಿನವನ ಕಾಲಿಗೆ ಬೀಳಬೇಡಿ. ಅವಳಿಗೆ ಮಾತ್ರ ಹೇಳಿ. ಆಪರೇಷನ್‌ಗೆ ಒಳಗೆ ಹೋಗುವ ಮೊದಲು, ಅದು ಅವಾಗಲೇ ಇತ್ತು, ನೀನು ಸುಳ್ಳು ಹೇಳಿರಲಿಲ್ಲ ಎಂದು ಹೇಳಿ. ಎದ್ದು ಬರುತ್ತಾಳೋ ಇಲ್ಲವೋ ಯಾರಿಗೆ ಗೊತ್ತು.

"ನಾನೇ ಹೇಳ್ತೀನಿ," ಎಂದರು. "ನೀನು ಬಾಯಿ ಹಾಕ್ಬೇಡ. ನಾನೇ ಹೇಳ್ತೀನಿ."

ಮಾರನೆಯ ಸಂಜೆ, ಆಪರೇಷನ್ನಿನ ಹಿಂದಿನ ದಿನ, ಇಬ್ಬರೂ ಹೋದೆವು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಲಿಫ್ಟಿನಲ್ಲಿ ಮುಖ ಬಾಡಿತ್ತು, ತುಟಿ ಅಲುಗುತ್ತಿತ್ತು, ಹೇಳುವ ಮಾತನ್ನು ಜೋಡಿಸಿಕೊಳ್ಳುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಮೆಚ್ಚಿದೆ. ತಂಗಿ ದಿಂಬಿಗೆ ಒರಗಿ ಕೂತಿದ್ದಳು. ಕೈಗೆ ಡ್ರಿಪ್ಪು, ಮೊಣಕೈಗೆ ಪಟ್ಟಿ, ಮುಖ ಹಳದಿ. ಫ್ರೇಮಿನವನು ಮಂಚದ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವಳ ಕಾಲು ಒತ್ತುತ್ತಿದ್ದ. ಅದನ್ನು ನೋಡಿ ನನಗೆ ಆಶ್ಚರ್ಯವೂ ಆಯಿತು, ಸಿಟ್ಟೂ ಬಂತು.

ಇವರು ನಾಡಿ ಹಿಡಿದು ಹೇಗಿದ್ದೀಯಮ್ಮ ಎಂದರು. ಜೀವಮಾನದಲ್ಲಿ ಇವರು ರೋಗಿಯನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಶಸ್ತ್ರಚಿಕಿತ್ಸಕಿ ಒಳ್ಳೆಯವರು, ಕೈಗುಣವಿದೆ, ಹೆದರಬೇಡ ಎಂದೆಲ್ಲ ಹೇಳಿದರು.  ಆಮೇಲೆ ತಂಗಿ ತಾನೇ ಕೇಳಿದಳು.

"ಭಾವಾ, ಈ ಕಲ್ಲು ಹೋದ ವರ್ಷಾನೂ ಇತ್ತಾ?"

ಕೇಳಿದ್ದು ಇವರನ್ನು. ಆದರೆ ಕಣ್ಣು ಇವರ ಮೇಲಿರಲಿಲ್ಲ, ಕಾಲು ಒತ್ತುತ್ತಿದ್ದ ಗಂಡನ ಮುಖದ ಮೇಲಿತ್ತು. ಅವಳಿಗೆ ಏನು ಬೇಕಾಗಿತ್ತೆಂದು ನನಗೆ ಅರ್ಥವಾಯಿತು. ಇವರು ಹೂಂ ಎನ್ನಬೇಕು, ಆ ಹೂಂ ಅವನ ಮುಖಕ್ಕೆ ತಾಗುವುದನ್ನು ಅವಳು ನೋಡಬೇಕು. ಅಷ್ಟೇ ಅವಳ ಆಸೆ. ಫ್ರೇಮಿನವನ ಕೈಯೂ ನಿಂತಿತು.

 ಇವರು ಫ್ರೇಮಿನವನ ಕಡೆ ಒಮ್ಮೆ ನೋಡಿದರು.

"ಇಲ್ಲಮ್ಮ. ಆವಾಗ ಬರೀ ಗಾಳಿ. ಇದೆಲ್ಲ ಆಮೇಲೆ ಆಗಿರೋದು."

ತಂಗಿಯ ಮುಖದಲ್ಲಿ ಏನೋ ಆರಿತು. ಫ್ರೇಮಿನವನು ಮತ್ತೆ ಕಾಲು ಒತ್ತತೊಡಗಿದ. ನಾನು ಬಾಯಿ ಹಾಕುವುದಿಲ್ಲ ಎಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಎಲ್ಲ ಹೇಳಿದೆ. ಜೋರಾಗಿಯೇ ಹೇಳಿದೆ, ಪಕ್ಕದ ಮಂಚದವರು ತಿರುಗಿ ನೋಡುವ ಹಾಗೆ. ಅವಾಗಲೇ ಇತ್ತು ಕಣೇ, ಇವರಿಗೆ ನಿನ್ನೆ ಗೊತ್ತಾಗಿದೆ, ನೀನು ಬೋರಲು ಮಲಗಿದ್ದನ್ನು ನೋಡದೆ ಕಲ್ಲನ್ನು ಗಾಳಿ ಅಂದಿದ್ದಾರೆ, ನಾನೇ ಕಣ್ಣಾರೆ ನೋಡಿದ್ದೇನೆ. ಬೋರಲು ಮಲಗಿದ್ದು ನೆನಪಿಲ್ಲವೇ ಎಂದು ಕೇಳಿದೆ.

"ನೆನಪಿದೆ," ಎಂದಳು ತಂಗಿ. "ಅದೆಲ್ಲ ಭಾವಂಗೆ ಗೊತ್ತಿರಲ್ವಾ ಅಕ್ಕಾ?"

ಇವರ ಕಡೆ ನೋಡಿದಳು. ಆ ಒಂದು ಗಳಿಗೆ ಇವರಿಗೆ ಇನ್ನೊಂದು ಅವಕಾಶವಿತ್ತು.

"ಅದನ್ನೆಲ್ಲ ಲೆಕ್ಕಕ್ಕೆ ತಗೊಂಡೇ ನೋಡೋದಮ್ಮ," ಎಂದರು. ನನ್ನ ಭುಜದ ಮೇಲೆ ಕೈಯಿಟ್ಟು ಫ್ರೇಮಿನವನಿಗೆ ವಿವರಿಸಿದರು, ಇವಳು ಮೂರ್ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ, ತಂಗಿ ಅಂದರೆ ಜೀವ. ಅವನು ಅರ್ಥವಾಯಿತು ಎಂಬಂತೆ ತಲೆಯಾಡಿಸಿದ.

ನಾನು ಆ ಕೈಯನ್ನು ಕೊಡವಿದೆ. ಬೇಕಾದರೆ ಚಿತ್ರ ತಂದು ತೋರಿಸುತ್ತೇನೆ, ನಿನ್ನ ಹೊಟ್ಟೆ ಚಪ್ಪಟೆಯಾಗಿರುವುದು ಮಗುವಿಗೂ ಕಾಣುತ್ತದೆ, ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಶಸ್ತ್ರಚಿಕಿತ್ಸಕಿಯನ್ನೇ ಕರೆದು ಕೇಳೋಣ ಎಂದೆ. ತಂಗಿ ಡ್ರಿಪ್ಪಿಲ್ಲದ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಳುವ ಮಗುವನ್ನು ಸುಮ್ಮನಾಗಿಸುವಂತೆ ತಟ್ಟಿದಳು. ನಾನು ಅವಳಿಗೆ ಮಾಡಬೇಕಾದದ್ದನ್ನು ಅವಳು ನನಗೆ ಮಾಡುತ್ತಿದ್ದಳು.

"ನನ್ನ ಸಮಾಧಾನಕ್ಕೆ ಹೇಳ್ತಿದೀಯ ಅಂತ ಗೊತ್ತು ಅಕ್ಕಾ. ಅದಕ್ಕೋಸ್ಕರ ಭಾವನ ಮೇಲೆ ಹಾಕ್ಬೇಡ. ಆವಾಗ ನಾನೇ ಸ್ವಲ್ಪ ಜಾಸ್ತಿ ಮಾಡ್ತಿದ್ದೆ ಅನ್ಸುತ್ತೆ."

ಇಲ್ಲ, ಇಲ್ಲ ಎಂದೆ ನಾನು. ಅಷ್ಟು ಹೊತ್ತಿಗೆ ನನ್ನ ದನಿಯೇ ನನಗೆ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಒಂದು ವರ್ಷ ಎಲ್ಲರೂ ಸೇರಿ ಅವಳಿಗೆ ಕಲಿಸಿದ ಪಾಠವನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಫ್ರೇಮಿನವನು, ಹೋಗ್ಲಿ ಬಿಡು, ಆದದ್ದಾಯಿತು, ನಾನೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಎಂದು ಅವಳ ತಲೆ ಸವರಿದ. ಅವಳು ಅವನನ್ನು ನೋಡಿ ನಕ್ಕಳು, ಅಂಗಡಿಯಲ್ಲಿ ಗಾಳಿಯಮ್ಮ ಎಂದಾಗ ನಗುತ್ತಿದ್ದಳಲ್ಲ, ಅದೇ ನಗು.

ಆಮೇಲೆ ಇವರ ಕಡೆ ತಿರುಗಿದಳು. ಮಾತಾಡಲು ಕಷ್ಟವಾಗುತ್ತಿತ್ತು, ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ಭಾವಾ, ನಾನೂ ಎಷ್ಟೋ ಸಲ ಮನಸ್ಸಲ್ಲೇ ನಿಮ್ಮನ್ನ ಬೈಕೊಂಡಿದೀನಿ. ಸರಿಯಾಗಿ ನೋಡಿರಲಿಕ್ಕಿಲ್ಲ ಅಂತ ಅನುಮಾನ ಪಟ್ಟಿದ್ದೆ. ನಾಳೆ ಏನಾಗುತ್ತೋ ಏನೋ. ಹೊಟ್ಟೆಗೆ ಹಾಕ್ಕೊಳ್ಳಿ."

ವಾರ್ಡಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಅದು ದಾಟುವವರೆಗೆ ಇವರು ಕಾದರು.

"ಪರವಾಗಿಲ್ಲಮ್ಮ," ಎಂದರು ನನ್ನ ಗಂಡ. ಅವಳನ್ನು ಕ್ಷಮಿಸಿಬಿಟ್ಟರು.